ಹೋಸ್ ಪೈಪಿನ ಮೇಲಿನ ಹಳದಿ ಗೆರೆ

ಗುರುಬಸವನ ಡೀಸೆಲ್ ಕಾರು ಏದುಸಿರು ಬಿಡುತ್ತ ಸಂಭಾಜಿನಗರದ ಬಳಿಯ ವಾಳೂಜ್‌ನ ಗ್ಯಾರೇಜಿನೊಳಗೆ ಮತ್ತೆ ಬಂದಾಗ ಮೆಕ್ಯಾನಿಕ್ ದಾನಮ್ಮನ ಎದೆ ಹಿಗ್ಗಿತು, ಮರುಕ್ಷಣವೇ ಅವಳು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು.

"ಮತ್ತ ಅದೇ ರೀ," ಅವನು ಕಿಟಕಿಯಿಂದ ತಲೆ ಹೊರಹಾಕಿದ. "ಯೇವಲಾ ದಾಟಿದ್ ಮ್ಯಾಲ ಜೋರೇ ಇಲ್ಲ. ಎಷ್ಟ್ ತುಳಿದ್ರೂ ಎಮ್ಮಿ ನಡದಂಗ ನಡೀತದ."

"ಎಮ್ಮಿ ಕೇಳಿದ್ರ ಸಿಟ್ಟಾಗ್ತದ," ಎಂದಳು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಕಲಬುರಗಿಯಿಂದ ನಾಶಿಕ್‌ನ ಬ್ಯಾಂಕಿಗೆ ವರ್ಗವಾಗಿ ಬಂದವನು ಅವನು. ಊರಿಗೆ ಹೊರಟಾಗ ಒಮ್ಮೆ ಇಲ್ಲೇ ಹತ್ತಿರ ಕಾರು ಕೈಕೊಟ್ಟಿತ್ತು. ಬೇರೆ ಗ್ಯಾರೇಜಿನವರು ಟರ್ಬೋ ಹೋಗಿದೆ, ಹೊಸದು ಹಾಕಿಸಿ ಎಂದಿದ್ದರು. ದಾನಮ್ಮ ಪೈಪಿನೊಳಗೆ ಹೊಗೆ ಬಿಟ್ಟು, ಹೋಸ್ ಸೀಳಿದ ಜಾಗವನ್ನು ಅವನಿಗೇ ತೋರಿಸಿದ್ದಳು. ಟರ್ಬೋ ಒತ್ತಿ ಕಳಿಸಿದ ಗಾಳಿ ಎಂಜಿನ್ ತಲುಪುವ ಮೊದಲೇ ಅಲ್ಲಿಂದ ಸೋರಿಹೋಗುತ್ತಿತ್ತು.

ಅಂದು ಹೊಸ ಹೋಸ್ ಬರುವವರೆಗೆ ಇಬ್ಬರೂ ಚಹಾ ಕುಡಿದರು. ಇಲ್ಲೇ ಹುಟ್ಟಿ ಬೆಳೆದ ದಾನಮ್ಮನಿಗೆ ಕನ್ನಡವೆಂದರೆ ಮನೆಯಲ್ಲಿ ಬೀದರಿನ ಅವ್ವನ ಜೊತೆ ಆಡುವ ನಾಲ್ಕು ಮಾತು. ಅವಳು ಶಬ್ದಕ್ಕಾಗಿ ತಡವರಿಸಿದಾಗ ಅವನು ನಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅವಳ ಮುಖ ನೋಡುತ್ತ ಸುಮ್ಮನೆ ಕಾದ. ಹಾಗೆ ಕಾಯುವವನು ಯಾರಿಗೆ ಇಷ್ಟವಾಗುವುದಿಲ್ಲ? ಅವಳಿಗಂತೂ ಆದ.

ಆದರೆ ರಿಪೇರಿ ಮಾಡಿದ ಗಾಡಿ ಅದೇ ದೋಷ ಹೊತ್ತು ತಿರುಗಿ ಬಂದರೆ ಮೆಕ್ಯಾನಿಕ್‌ನ ಮರ್ಯಾದೆ ಮಣ್ಣುಪಾಲು. ಹೋದ ತಿಂಗಳು ಹಾಗೇ ಬಂದಿತ್ತು. ಹೋಸ್ ಹಿಡಿಯುವ ಕ್ಲ್ಯಾಂಪ್ ಸಡಿಲವಾಗಿತ್ತು. ತಾನೇ ಬಿಗಿ ಮಾಡಲು ಮರೆತೆನೆಂದು ಅವಳು ಮಾಲೀಕ ಸುಧಾಕರ ಕಾಕಾರ ಮುಂದೆ ಒಪ್ಪಿಕೊಂಡಿದ್ದಳು. "ಇನ್ನೊಮ್ಮೆ ಹೀಗಾದರೆ ಸ್ಕ್ಯಾನರ್ ಆಕರ್ಷನ ಕೈಗೆ, ನೀನು ಬಿಲ್ಲಿಂಗ್ ಕೌಂಟರಿಗೆ," ಎಂದಿದ್ದರು ಅವರು, ಪಕ್ಕದಲ್ಲಿದ್ದ ಇನ್ನೊಬ್ಬ ಮೆಕ್ಯಾನಿಕ್ ಕಡೆ ಕೈ ತೋರಿಸಿ. ಹುಡುಗಿಗೆ ಎಂಜಿನ್ ಕೆಲಸ ಯಾಕೆ ಎನ್ನುವವರು ಅಲ್ಲಿ ಮೊದಲೇ ಇದ್ದರು.

ದೋಷ ಹುಡುಕುವ ಸ್ಕ್ಯಾನರನ್ನು ಕಾರಿಗೆ ಹಚ್ಚಿದಳು. ಬೂಸ್ಟ್ ಪ್ರೆಶರ್, ಅಂದರೆ ಟರ್ಬೋ ಕಳಿಸುವ ಗಾಳಿಯ ಒತ್ತಡ, ಕಡಿಮೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟಳು.

ಹೋದ ಸಲ ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಕ್ಲ್ಯಾಂಪ್ ದಾಟಿ ಹೋಸ್‌ವರೆಗೆ ಹಳದಿ ಪೇಂಟಿನ ಒಂದೇ ಗೆರೆ ಎಳೆದಿದ್ದಳು. ಸ್ಕ್ರೂ ಕೊಂಚ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಈಗ ತುಂಡಾಗಿತ್ತು. ಪಕ್ಕದಲ್ಲಿ ಸ್ಕ್ರೂಡ್ರೈವರ್ ಜಾರಿದ ಹೊಸ ಗೀರು.

"ಇದನ್ನ ಯಾರು ಬಿಚ್ಚ್ಯಾರ?"

ಗುರುಬಸವ ಗೆರೆ ನೋಡಿದ, ಅವಳ ಮುಖ ನೋಡಿದ, ಆಮೇಲೆ ನೆಲ ನೋಡಿದ. "ನಾನೇ ರೀ. ಯೇವಲಾದಾಗ ನಿಂದರ್ಸಿ ಸಡ್ಲ ಮಾಡ್ದೆ. ಹೋದ್ ಸಲಾನೂ ನಾನೇ. ನಿಮ್ಮನ್ನ ನೋಡ್ಲಿಕ್ಕ ಬರಾಕ ಒಂದು ನೆವ ಬೇಕಿತ್ತು."

ಈ ಮಾತನ್ನು ಬೇರೆ ಯಾವ ದಿನ ಕೇಳಿದ್ದರೂ ಅವಳು ಹಿರಿಹಿರಿ ಹಿಗ್ಗುತ್ತಿದ್ದಳು. ಇಂದು ಕಣ್ಣು ತುಂಬಿತು.

"ನಿಮಗ ನೆವ. ನನಗ ಇದು ಕಾಮ್. ನನ್ನ ಚೂಕ್, ನನ್ನ ತಪ್ಪು ಅಂತ ಕಾಕಾಗ ಹೇಳೀನಿ ನಾನು. ನಾಳಿಂದ ನನ್ನ ಕೌಂಟರ್‌ದಾಗ ಕೂಡಸ್ತಾರ."

ಅವನ ಮುಖ ಬಿಳಿಚಿತು. ನೇರವಾಗಿ ಕಾಕಾ ಬಳಿ ನಡೆದ. ಆಕರ್ಷನೂ ಉಳಿದವರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಕಾಕಾ, ಚೂಕ್ ಮಾಝೀ ಆಹೆ," ಎಂದ, ತನ್ನ ಹರಕುಮುರುಕು ಮರಾಠಿಯಲ್ಲಿ. ತಪ್ಪು ತನ್ನದು, ಸ್ಕ್ರೂ ಸಡಿಲಿಸಿದ್ದು ತಾನು, ಎರಡು ಸಲವೂ, ಅವಳ ಕೆಲಸದಲ್ಲಿ ಕುಂದಿಲ್ಲ ಎಂದ. ಯಾಕೆ ಹಾಗೆ ಮಾಡಿದೆ ಎಂದು ಕಾಕಾ ಕೇಳಿದಾಗ ಅದನ್ನೂ ಮುಚ್ಚಿಡಲಿಲ್ಲ. ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು, ಆದರೂ ಅಲ್ಲಿಂದ ಕದಲಲಿಲ್ಲ.

ಕಾಕಾ ಎದ್ದು ಬಂದು ಗೆರೆ ನೋಡಿದರು. ಸ್ಕ್ಯಾನರನ್ನು ದಾನಮ್ಮನ ಕೈಯಲ್ಲೇ ಇಟ್ಟು ಹೊರಟುಹೋದರು.

ಅವಳು ಕ್ಲ್ಯಾಂಪ್ ಬಿಗಿ ಮಾಡಿ ಹೊಸ ಗೆರೆ ಎಳೆದಳು. ಕೀಲಿ ಕೊಡುವಾಗ ಹೇಳಿದಳು, "ಇನ್ನ ಈ ಗಾಡಿ ತಗೊಂಡು ಇಲ್ಲಿ ಬರಬ್ಯಾಡ್ರಿ."

"ಆಯ್ತ್ರಿ," ಎಂದ. ಕೀಲಿ ತೆಗೆದುಕೊಂಡ.

ಅವನು ಬಾಗಿಲು ತೆಗೆದು ಕೂತ ಮೇಲೆ, ಅವಳು ಬಾನೆಟ್ ಒರೆಸುತ್ತ ಅಂದಳು, "ನಾಶಿಕ್‌ದಿಂದ ಎಸ್‌ಟಿ ಬಸ್ ಇರ್ತಾವ. ರವಿವಾರ ನನಗ ಸೂಟಿ."

ಭಾನುವಾರ ಸಂಭಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಅವನು ಇಳಿದಾಗ ಅಂಗಿಯೆಲ್ಲ ಸುಕ್ಕು, ತಲೆತುಂಬ ಧೂಳು.

"ಸ್ಕ್ರೂಡ್ರೈವರ್ ತಂದೀರೇನು?"

ಅವನು ಎರಡೂ ಬರಿಗೈ ಚಾಚಿ ತೋರಿಸಿದ. "ನೀವಂದ್ರ ನನಗ ಭಾಳ ಇಷ್ಟ ರೀ. ಇಷ್ಟೇ ಹೇಳ್ಲಿಕ್ಕ ಧೈರ್ಯ ಇಲ್ದೆ ಗಾಡಿ ಕೆಡಿಸ್ದೆ."

ದಾನಮ್ಮ ಉತ್ತರಕ್ಕಾಗಿ ಶಬ್ದ ಹುಡುಕಿದಳು. ಅವನು ಎಂದಿನಂತೆ ಕಾದ. ಸಿಗದೇ ಹೋದಾಗ ಬ್ಯಾಗಿನಿಂದ ಪೇಂಟ್ ಮಾರ್ಕರ್ ತೆಗೆದಳು. ಅವನ ಮಣಿಕಟ್ಟಿಗೆ ತನ್ನ ಮಣಿಕಟ್ಟು ತಾಗಿಸಿ ಹಿಡಿದು, ಎರಡರ ಮೇಲೂ ಹಾಯುವಂತೆ ಹಳದಿಯ ಒಂದೇ ಗೆರೆ ಎಳೆದಳು.

"ಒಣಗೂತನಕ ಕೈ ತಗೀಬ್ಯಾಡ್ರಿ," ಎಂದಳು.

ಪೇಂಟು ಆಗಲೇ ಒಣಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.