ಕೆರೆಯಂಚಿನ ಎಳೆಹುಲ್ಲು

ಡಾ. ಪರಿಮಳಾ ಒಂದು ಕೋಣಗರುವಿನ ಮೂಗಿಗೆ ಲೋಟದಂಥ ಗಾಜಿನ ಬಟ್ಟಲನ್ನು ಹಿಡಿದರು. ಕರು ಸೀನಿತು. ನೆರೆದವರು ನಕ್ಕರು. ಪರಿಮಳಾ ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು.

ಇದು ೨೦೬೧ರ ಮಾತು. ಆಕೆ ಕಂಡುಹಿಡಿದ ಪಾಲುಮಾಪಕ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಆಗಷ್ಟೇ ತಿರುಗಾಡತೊಡಗಿತ್ತು. ಹಿಂದಿನ ದಿನವೇ ಮೇವಿನಲ್ಲಿ ತುಸು ಭಾರವಾದ ಇಂಗಾಲದ ಗುರುತಿರುವ ಜೋಳದ ನುಚ್ಚನ್ನು ಬೆರೆಸಿ ತಿನ್ನಿಸಿರಬೇಕಿತ್ತು. ಮರುದಿನದ ಉಸಿರಿನಲ್ಲಿ ಆ ಗುರುತು ಎಷ್ಟು ಬಂತೆಂದು ನೋಡಿ, ತಿಂದದ್ದು ಎಷ್ಟು, ಮೈಗೆ ಹತ್ತಿದ್ದು ಎಷ್ಟು, ದಂಡವಾದದ್ದು ಎಷ್ಟು ಎಂದು ಯಂತ್ರ ಹೇಳುತ್ತಿತ್ತು.

ಮಾಂಸಕ್ಕೆಂದು ಕೋಣ ಬೆಳೆಸುವ ರಾಜೇಸಾಬ ತನ್ನ ಎರಡು ಕರುಗಳನ್ನು ದುರಗವ್ವನಿಗೆ ಪಾಲಿಗೆ ಕೊಟ್ಟಿದ್ದ. ಕರು ಅವನದು, ಸಾಕುವ ಕೆಲಸ ಅವಳದು, ಬೆಳೆದ ಮೇಲೆ ಸಮಪಾಲು. ಎಂಟು ತಿಂಗಳಾದರೂ ಅವುಗಳ ಪಕ್ಕೆಲುಬು ಎಣಿಸಬಹುದಾಗಿತ್ತು. ಪಕ್ಕದ ಗೂಟದ ಅವಳ ಸ್ವಂತ ಕರು ಮಾತ್ರ ಮಿರಮಿರ ಮಿಂಚುತ್ತಿತ್ತು. ಅದಕ್ಕೇ ಅವನು ಅಂದು ಹಗ್ಗ ಹಿಡಿದೇ ಬಂದಿದ್ದ. ಅವನು ಕರು ಹೊಡೆದುಕೊಂಡು ಹೋದರೆ, ಊರಲ್ಲಿ ಇನ್ನಾರೂ ದುರಗವ್ವನನ್ನು ನಂಬಿ ಪಾಲಿಗೆ ಕೊಡುವಂತಿರಲಿಲ್ಲ.

"ನನ್ನ ಕರದ ಮೇವು ನಿನ್ನ ಕರದ ಹೊಟ್ಟಿಗೆ ಹೋಗೇತೆವ್ವಾ. ಅದನ್ನ ಹೇಳಾಕ ಯಂತ್ರ ಯಾಕ, ನನ್ನ ಕಣ್ಣ ಸಾಕು."

"ನಿನ್ನ ಕಣ್ಣಿಗೆ ಮೊನ್ನೆ ನಿನ್ನ ಎಮ್ಮಿನ ಗುರುತಾಗಲಿಲ್ಲ, ಕಾಕಾ. ಬಸಣ್ಣನ ಎಮ್ಮಿ ಹಿಂಡಕೊಂಡು ಬಂದಿ," ಎಂದಳು ದುರಗವ್ವ.

ರಾಜೇಸಾಬನೂ ಗಡ್ಡದೊಳಗೇ ನಕ್ಕ.

"ಕರುಗಳು ಹೊಟ್ಟೆ ತುಂಬಾ ತಿಂದಿವೆ," ಎಂದರು ಪರಿಮಳಾ, ಯಂತ್ರದ ಲೆಕ್ಕ ನೋಡಿ. "ಆದರೆ ಹತ್ತು ಹಿಡಿಯಲ್ಲಿ ನಾಲ್ಕು ಹಿಡಿ ದಂಡ. ದಂಡವಾದ ಬಗೆ ನೋಡಿದರೆ, ಪಿತ್ತಜನಕಾಂಗದಲ್ಲಿ ಎಲೆಯಂಥ ಚಪ್ಪಟೆ ಹುಳುಗಳಿವೆ. ಅವು ಕೊರೆದದ್ದನ್ನು ರಿಪೇರಿ ಮಾಡುವುದರಲ್ಲೇ ಮೇವಿನ ಸತ್ವ ಹೋಗುತ್ತದೆ. ಇವನ್ನ ಎಲ್ಲಿ ಮೇಯಿಸ್ತೀಯವ್ವಾ?"

"ಕೆರಿ ದಂಡ್ಯಾಗ್ರಿ. ಅಲ್ಲೆ ಎಳಿ ಹುಲ್ಲು. ಮಂದಿ ಕರ, ಸೊರಗಿದರ ಕೆಟ್ಟ ಹೆಸರು ಬರತೈತಿ ಅಂತ ಇವನ್ನ ಅಲ್ಲೆ ಬಿಡತೀನಿ. ನನ್ನದಕ್ಕ ಬದುವಿನ ಒಣಹುಲ್ಲ ಸಾಕು."

ಪರಿಮಳಾ ನಕ್ಕುಬಿಟ್ಟರು. ಆ ಹುಳುವಿನ ಮರಿಗಳು ಬೆಳೆಯುವುದೇ ನೀರಂಚಿನ ಸಣ್ಣ ಬಸವನಹುಳುಗಳ ಒಳಗೆ; ಅಲ್ಲಿಂದ ಹೊರಬಂದು ಅಂಟಿಕೊಳ್ಳುವುದು ಆ ಎಳೆಹುಲ್ಲಿಗೆ.

ರಾಜೇಸಾಬ ಹಗ್ಗವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಕರ ಇಲ್ಲೇ ಇರಲಿ. ಔಷಧ ಹಾಕ್ರಿ, ಬಾಯಾರ. ದುರಗವ್ವಾ, ಇನ್ನ ಮ್ಯಾಲೆ ನನ್ನವಕ್ಕೂ ಬದುವಿನ ಹುಲ್ಲ ಹಾಕು. ಇಷ್ಟು ಅಕ್ಕರತಿ ಬ್ಯಾಡ."

ದುರಗವ್ವ ನಗುತ್ತಲೇ ಕರುವಿನ ಕುತ್ತಿಗೆ ತುರಿಸಿದಳು. ಆಮೇಲೆ ಹೇಳಿದಳು: "ನಮ್ಮವ್ವನೂ ನಿಮ್ಮ ಮನಿ ಕೋಣ ಪಾಲಿಗೆ ಹಿಡಿದಿದ್ಲು, ಕಾಕಾ. ಅದೂ ಹಿಂಗ ಸೊರಗಿತ್ತು. ಅದನ್ನೂ ಕೆರಿ ದಂಡ್ಯಾಗ ಮೇಯಿಸತಿದ್ಲು. ನೀವು ಹೊಡಕೊಂಡು ಹೋದ ಮ್ಯಾಲೆ ಊರ ಮಂದಿ ಸಾಯೂತನಕ ಆಕೀನ ಮೇವುಗಳ್ಳಿ ಅಂದ್ರು."

ಆ ಕೋಣವನ್ನು ಒಯ್ಯಲು ಹಗ್ಗ ಹಿಡಿದು ಬಂದವನೂ ರಾಜೇಸಾಬನೇ. ಆಗ ಅವನಿಗೆ ಇಪ್ಪತ್ತೈದು.

"ಅದು ಯಾವ ವರ್ಷ?" ಪರಿಮಳಾ ಕೇಳಿದರು.

"ಎರಡು ಸಾವಿರದ ಇಪ್ಪತ್ತಾರು," ಎಂದ ರಾಜೇಸಾಬ, ನೆಲ ನೋಡುತ್ತ. "ಆವಾಗ ಇಂಥಾ ಯಂತ್ರ ಎಲ್ಲಿದ್ದುವ್ರಿ? ನಮಗರ ಹೆಂಗ ಗೊತ್ತಾಗಬೇಕಿತ್ತು?"

ಪರಿಮಳಾ ಬಟ್ಟಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು.

"ಯಂತ್ರ ಇರಲಿಲ್ಲ," ಎಂದರು. "ಔಷಧ ಇತ್ತು. ಒಂದು ಹಿಡಿ ಸಗಣಿ ಒಯ್ದು ಕೊಟ್ಟಿದ್ದರೆ, ದನದ ದವಾಖಾನೆಯಲ್ಲಿ ಹುಳುವಿನ ಮೊಟ್ಟೆ ನೋಡಿ ಹೇಳುತ್ತಿದ್ದರು."