ಹುಣಸೆಹಣ್ಣು ತಿಕ್ಕಿದ ಲೆನ್ಸ್

ಪೂರ್ಣಿಮಾ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನೋಡಿದಳು. ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ಕಾಶಿ ಅಜ್ಜಿ ತಲೆಕೆಳಗಾಗಿ ಕೂತಿದ್ದಳು. ಅದು ಯಾವಾಗಲೂ ಹಾಗೆಯೇ. ಆದರೆ ಇವತ್ತು ಅವಳ ಸುತ್ತ ಮಂಜು ಕವಿದ ಹಾಗಿತ್ತು.

ಲೆನ್ಸ್ ಹಾಳಾಯಿತು. ಹಾಳು ಮಾಡಿದ್ದು ತಾನೇ.

ಕಾರವಾರದಲ್ಲಿ ಅವಳ ಮಂಗೇಶಜ್ಜನ ಸ್ಟುಡಿಯೋದಲ್ಲಿದ್ದ ಮರದ ಕ್ಯಾಮೆರಾ ಅಜ್ಜನಿಗಿಂತ ಹಳೆಯದು. ಅದರ ಹಿತ್ತಾಳೆಯ ಲೆನ್ಸ್ ಉಪ್ಪುಗಾಳಿಗೆ ಹಸಿರುಗಟ್ಟಿತ್ತು. ಬೆಳಿಗ್ಗೆ ಅಮ್ಮ ದೇವರ ದೀಪಗಳಿಗೆ ಹುಣಸೆಹಣ್ಣು ತಿಕ್ಕುತ್ತಿದ್ದಾಗ, ಅಜ್ಜನಿಗೆ ಸರ್‌ಪ್ರೈಸ್ ಕೊಡೋಣವೆಂದು ಪೂರ್ಣಿಮಾ ಲೆನ್ಸನ್ನೂ ಬಿಚ್ಚಿ ತಂದು ತಿಕ್ಕಿಬಿಟ್ಟಿದ್ದಳು. ಅದು ಬಂಗಾರದಂತೆ ಹೊಳೆಯಿತು. ಅದರ ಮುಂಭಾಗದ ಹಿತ್ತಾಳೆ ಬಳೆಯೂ ತಿರುಗತೊಡಗಿತು. ಅದು ತಿರುಗುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಕೂಡಿಸಿದ ಲೆನ್ಸಿನ ಹೊಳಪು ನೋಡಿ ಅಜ್ಜ ನಕ್ಕಿದ್ದನಷ್ಟೇ, ಹೇಗೆಂದು ಕೇಳಿರಲಿಲ್ಲ.

ಮೀನು ಮಾರುವ ಕಾಶಿ ಅಜ್ಜಿ ಫೋಟೋಕ್ಕೆಂದೇ ಅಂಕೋಲೆಯ ಮಂಜಗುಣಿಯಿಂದ ಬಸ್ಸು ಹಿಡಿದು ಬಂದಿದ್ದಳು. ಮೊಮ್ಮಗ ಮೊಬೈಲಿನಲ್ಲಿ ತೆಗೆದ ಫೋಟೋಗಳೆಂದರೆ ಅವಳಿಗೆ ಸಿಟ್ಟು.

"ಅದ್ರಲ್ಲಿ ನನ್ನ ಮೋರೆ ಒಣಮೀನಿನ ಹಾಂಗೆ ಕಾಣ್ತದೆ ಮಂಗೇಶಾ. ದಿನಾ ಮಾರ್ತೆ, ನಂಗೆ ಗೊತ್ತಿಲ್ವಾ?"

ಅಜ್ಜ ಫಿಲ್ಮ್ ಹೋಲ್ಡರ್ ಕೈಗೆತ್ತಿಕೊಂಡ. ಅದರೊಳಗಿದ್ದದ್ದು ಉಳಿದ ಒಂದೇ ಫಿಲ್ಮ್. ಈಗ ಸುಮ್ಮನಿದ್ದರೆ ಅದೂ ಹಾಳು.

"ಅಜ್ಜಾ, ತಡಿ. ಲೆನ್ಸಿಗೆ ನಾನು ಹುಣಸೆಹಣ್ಣು ತಿಕ್ಕಿದೆ. ರಸ ಒಳಗೆ ಹೋಗಿದೆ. ಎಲ್ಲಾ ಮಂಜು ಮಂಜು."

"ಉಪ್ಪು, ಮೆಣಸು ಹಾಕ್ಲಿಲ್ವಾ?" ಎಂದಳು ಕಾಶಿ ಅಜ್ಜಿ. "ಸಾರೇ ಆಗ್ತಿತ್ತು."

ಅಜ್ಜ ಹೋಲ್ಡರ್ ಕೆಳಗಿಟ್ಟ. ಬಟ್ಟೆಯೊಳಗೆ ಹೋದವನು ತುಂಬಾ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಪೂರ್ಣಿಮಾಳನ್ನೂ ಒಳಗೆ ಕರೆದ.

"ಅವಳ ಮೂಗುತಿ ನೋಡು. ಎಂತ ಕಾಣ್ತದೆ?"

ಪೂರ್ಣಿಮಾ ಕಣ್ಣು ಕಿರಿದು ಮಾಡಿದಳು. ಮಂಜಿನ ನಡುವೆ ಸೂಜಿಮೊನೆಯಷ್ಟು ಚೂಪಾದ ಚುಕ್ಕೆ. ಅದರ ಸುತ್ತ ಬೆಳಕು.

ಲೆನ್ಸ್ ಕೆಟ್ಟಿದ್ದರೆ ಆ ಚುಕ್ಕೆಯೂ ಮಸುಕಾಗುತ್ತಿತ್ತು, ಚಿತ್ರವೆಲ್ಲ ಬೂದಿ ಬಳಿದ ಹಾಗಿರುತ್ತಿತ್ತು ಎಂದ ಅಜ್ಜ. ಇದು ಸಾಫ್ಟ್ ಫೋಕಸ್ ಲೆನ್ಸ್. ಬಳೆ ತಿರುಗಿಸಿದಷ್ಟೂ ಚಿತ್ರ ಮೃದುವಾಗುತ್ತದೆ. ಅಜ್ಜನ ಅಪ್ಪ ಮದುಮಗಳ ಫೋಟೋ ಹೀಗೇ ತೆಗೆಯುತ್ತಿದ್ದನಂತೆ. ಆಮೇಲೆ ಬಳೆ ಉಪ್ಪಿಗೆ ಕಚ್ಚಿಕೊಂಡು, ಚೂಪಾಗಿ ಕಾಣುವ ಜಾಗದಲ್ಲೇ ನಿಂತುಬಿಟ್ಟಿತ್ತು.

"ಆದ್ರೂ ಇನ್ನೊಮ್ಮೆ ಹುಳಿ ಹಚ್ಚಬೇಡ ಮಗಳೇ," ಎಂದ. "ಗಾಜಿಗೆ ತಾಗಿದ್ರೆ ಕತೆ ಮುಗೀತಿತ್ತು. ಈಗ ಎಲ್ಲಿ ನಿಲ್ಲಿಸ್ಬೇಕು, ನೀನೇ ಹೇಳು."

ಅವನು ಕ್ಯಾಮೆರಾದ ಮುಂದೆ ಪಕ್ಕಕ್ಕೆ ನಿಂತು ಬಳೆ ತಿರುಗಿಸಿದ. ಒಂದಿಷ್ಟು ತಿರುಗಿದಾಗಲೆಲ್ಲ ಪೂರ್ಣಿಮಾ ಮೂಗುತಿಯನ್ನೇ ನೋಡುತ್ತ ಮತ್ತೆ ಫೋಕಸ್ ಮಾಡಿದಳು. ಬಳೆ ಪೂರ್ತಿ ತಿರುಗಿದಾಗ ಅಜ್ಜಿಯ ಸುಕ್ಕುಗಳೆಲ್ಲ ಕರಗಿಹೋದವು. ನಕ್ಕಾಗ ಕಣ್ಣಿನ ಮೂಲೆಯಲ್ಲಿ ಮೂಡುವ ಗೆರೆಗಳೂ ಹೋದವು. ಚೆಂದವೇ ಇತ್ತು. ಆದರೆ ಅಲ್ಲಿ ಕೂತಿದ್ದವಳು ಬೇರೆ ಯಾರೋ.

"ಸ್ವಲ್ಪ ವಾಪಸ್, ಅಜ್ಜಾ. ಇನ್ನೂ ಸ್ವಲ್ಪ."

ಗೆರೆಗಳು ಒಂದೊಂದಾಗಿ ಮರಳಿದವು. ಅವುಗಳ ಮೇಲೆ ಬೆಳಕು ಮೆಲ್ಲನೆ ಕೂತಿತು.

"ಇಲ್ಲೇ," ಎಂದಳು ಪೂರ್ಣಿಮಾ. "ಈಗ ಕಾಶಿ ಅಜ್ಜಿ ಬಂದ್ಲು."

"ಹಾಂಗಾದ್ರೆ ನೀನೇ ತೆಗಿ," ಎಂದು ಅಜ್ಜ ಫಿಲ್ಮ್ ಹೋಲ್ಡರನ್ನು ಅವಳ ಕೈಗೆ ಕೊಟ್ಟ.