ಲಾಕಿನ ಬಾಯಲ್ಲಿ ಜಾರಿದ ಹಗ್ಗ

ಐವತ್ತು ಸಾವಿರ ಟನ್ನಿನ ಹಡಗನ್ನು ಎಡಗೈಯಲ್ಲಿ ತಡೆದು ನಿಲ್ಲಿಸಿದವನು ನಾನು, ಮೇಡಂ. ಬಲಗೈಯಲ್ಲಿ ಕಾಫಿ ಇತ್ತು.

ನಮ್ಮದು ಅಂಥ ವಂಶ. ಈ ಪನಾಮಾ ಕಾಲುವೆಗೆ ಫ್ರೆಂಚರು ಬಂದರು, ಜ್ವರ ಬಂತು, ಫ್ರೆಂಚರು ಹೋದರು. ಆಮೇಲೆ ನನ್ನ ಮುತ್ತಜ್ಜ ಬಾರ್ಬಡೋಸಿನಿಂದ ಬಂದು ಅರ್ಧ ಬೆಟ್ಟ ಒಬ್ಬನೇ ಅಗೆದ. ಉಳಿದರ್ಧಕ್ಕೆ ಅಮೆರಿಕದವರಿಗೆ ಹತ್ತು ವರ್ಷ ಹಿಡಿಯಿತು!

ಇರಲಿ. ನೀವು ವಿಚಾರಣೆಗೆ ಕರೆದದ್ದು ನಿನ್ನೆಯ ವಿಷಯಕ್ಕೆ.

ನೀರು ತುಂಬಿಸಿ ಹಡಗು ಏರಿಸುವ ತೊಟ್ಟಿ, ನಮ್ಮ ಲಾಕು, ಅದರೊಳಗೆ ಹಡಗು ನುಗ್ಗುತ್ತಿತ್ತು. ಎರಡೂ ಪಕ್ಕ ಅರ್ಧ ಮೀಟರ್ ಜಾಗ, ಅಷ್ಟೇ. ಎದುರಿಗೆ ನಮ್ಮ ಪುಟ್ಟ ದೋಣಿ. ಹುಟ್ಟು ಹಾಕುವವನು ತೊರಿಬಿಯೊ, ಹಗ್ಗ ಕಟ್ಟುವವನು ನಾನು. ಎಷ್ಟು ಕಂಪ್ಯೂಟರ್ ಬಂದರೂ ದಡದ ಹಗ್ಗ ಹಡಗಿಗೆ ಹೋಗುವುದು ಹುಟ್ಟುದೋಣಿಯಲ್ಲೇ. ಅದು ತಲುಪಿದರೆ ದಡದ ಹಳಿ ಮೇಲಿನ ಎಂಜಿನ್, ನಾವು ಹೇಸರಗತ್ತೆ ಅಂತ ಕರೆಯುವುದು, ಉಕ್ಕಿನ ತಂತಿಯಲ್ಲಿ ಹಡಗನ್ನು ನಡುಮಧ್ಯೆ ಹಿಡಿದಿಡುತ್ತದೆ. ತಲುಪದಿದ್ದರೆ...

ತಲುಪಲಿಲ್ಲ. ಹಡಗು ಗೋಡೆಗೆ ಉಜ್ಜಿತು. ಹತ್ತು ಮೀಟರ್ ಬಣ್ಣ ಗೋಡೆಗೆ!

ತೊರಿಬಿಯೊ ನಿಧಾನ ಮಾಡಿದ ಅಂತ ಎಲ್ಲರೂ ಬೊಟ್ಟು ಮಾಡಿದರು. ಇಪ್ಪತ್ತೆರಡು ವರ್ಷ ಹುಟ್ಟು ಹಾಕಿದವನು ಇವತ್ತು ಕೆಲಸ ಕಳಕೊಂಡು ಮನೆಗೆ ಹೋಗಬೇಕಂತೆ. ಈ ದಡದಲ್ಲಿ ಯಾರ ತಂಟೆ ಇದ್ದರೂ ಬಿಡಿಸುವವನು ನಾನು. ಸುಮ್ಮನಿರುತ್ತೇನೆಯೇ?

ಹಗ್ಗ ಕತ್ತರಿಸಿದವನನ್ನು ನಾನು ಕಂಡೆ, ಮೇಡಂ. ಏಳಡಿ ಆಳು. ಕೈಯಲ್ಲಿ ಚೂರಿ. ನಾನು ದೋಣಿಯಿಂದ ದಡಕ್ಕೆ ಒಂದೇ ನೆಗೆತ! ಅವನು ಲಾಕಿನ ಬಾಯಿಗಿರುವ ಗೇಟಿನ ಮೇಲೆ ಓಡಿದ. ನಾನು ಹಿಂದೆ. ಏಳುನೂರು ಟನ್ನಿನ ಗೇಟು ಕಾಲಡಿಯಲ್ಲಿ ಗಡಗಡ ನಡುಗುತ್ತಿತ್ತು. ತಿರುಗಿದ. ಚೂರಿ ಬೀಸಿದ. ಬಗ್ಗಿದೆ. ಆಯ ತಪ್ಪಿ ನೀರಿಗೆ ಬಿದ್ದ... ಮೊಸಳೆ ಪಾಲು.

ನೀವು ಬರೆಯುವುದನ್ನು ನಿಲ್ಲಿಸಿದಿರಿ. ಎಂಜಿನಿಯರುಗಳು ಬರೆಯುವುದನ್ನು ನಿಲ್ಲಿಸಿದರೆ ನನಗೆ ಭಯ.

"ಎಲಿಯೆಸರ್, ಹಡಗು ಒಳಗೆ ಬರ್ತಾ ಇದ್ದದ್ದು ಆ ಗೇಟಿಂದಲೇ ತಾನೇ?"

"ಹೌದು ಮೇಡಂ."

"ಹಾಗಾದ್ರೆ ಗೇಟು ತೆರೆದು, ಎರಡೂ ಕಡೆ ಗೋಡೆಯೊಳಗೆ ಮಡಚಿಕೊಂಡಿತ್ತು. ನಡುವೆ ಇದ್ದದ್ದು ಹಡಗು. ತಾವು ಯಾವುದರ ಮೇಲೆ ಓಡಿದಿರಿ, ಸ್ವಾಮಿ?"

ನಾನು ಮೂಲೆಯ ಕಡೆ ನೋಡಿದೆ.

ಮೂಲೆಯಲ್ಲಿ ಟೋಪಿ ತಿರುವುತ್ತ ಕೂತಿದ್ದ ತೊರಿಬಿಯೊ ತಲೆ ಎತ್ತಿದ.

"ಸಾಕು ಬಿಡೋ ಮಾರಾಯ. ನನ್ನ ಹೆಸರೇ ಬರಕೊಳ್ಳಲಿ."

ಆ ಮಾತಿಗಿಂತ ಚೂರಿಯೇ ವಾಸಿ ಅನಿಸಿತು.

ಬರೆದುಕೊಳ್ಳಿ, ಮೇಡಂ. ಆಳೂ ಇಲ್ಲ, ಚೂರಿಯೂ ಇಲ್ಲ. ತೊರಿಬಿಯೊ ಹೊತ್ತಿಗೆ ಸರಿಯಾಗಿ ದೋಣಿ ತಲುಪಿಸಿದ್ದ. ಹಡಗಿನವರು ಎಸೆದ ಹಗ್ಗ ನೇರ ನನ್ನ ಕೈಗೇ ಬಂತು. ಅದನ್ನು ದಡದ ಹಗ್ಗಕ್ಕೆ ಗಂಟು ಹಾಕುವುದಷ್ಟೇ ಬಾಕಿ. ಆಗ ಮೇಲಿನ ಗ್ಯಾಲರಿಯಲ್ಲಿ ಮುನ್ನೂರು ಪ್ರವಾಸಿಗರು ಕ್ಯಾಮೆರಾ ಎತ್ತಿದರು. ನಾನು ಎದ್ದು ನಿಂತೆ. ಎರಡೂ ಕೈ ಬೀಸಿದೆ.

ಹಗ್ಗ ನೀರಿಗೆ ಹೋಯಿತು.

ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು, ಮೇಡಂ. ಮುನ್ನೂರಲ್ಲ... ಹನ್ನೊಂದು ಜನ.